ಮಗು ಆಡುತ್ತೆ, ಮನೆ ಓಡುತ್ತೆ

ಒಲಿಂಪಿಕ್ಸ್ ಮುಗಿದ ಮಾರನೇ ದಿನ ನಮ್ಮ ಎಲ್ಲ ಚಾನೆಲ್‌ಗಳಲ್ಲೂ ಒಂದು ಚರ್ಚೆ ನಡೆಯುತ್ತೆ. ನಾನೂ ನಡೆಸಿದ್ದೇನೆ. 140 ಕೋಟಿ ಜನ, ಟೋಕಿಯೋದಲ್ಲಿ 7 ಪದಕ, ಪ್ಯಾರಿಸ್‌ನಲ್ಲಿ 6. ಯಾಕೆ ಹೀಗೆ? ಒಬ್ಬರು ಸರ್ಕಾರವನ್ನು ಬೈತಾರೆ, ಇನ್ನೊಬ್ಬರು ಫೆಡರೇಶನ್‌ಗಳನ್ನು ಬೈತಾರೆ, ಮತ್ತೊಬ್ಬರು ಎಲ್ಲಾ ಕ್ರಿಕೆಟ್ಟಿನಿಂದಲೇ ಹಾಳಾಯ್ತು ಅಂತಾರೆ. ಅಷ್ಟರಲ್ಲಿ ಬ್ರೇಕ್ ಬರುತ್ತೆ. ಆ ಪ್ಯಾನೆಲ್‌ನಲ್ಲಿ ಯಾರೂ ಕೂರಿಸದ ಅತಿಥಿಯೊಬ್ಬರಿದ್ದಾರೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಎರಡು ಡಬ್ಬಿ ಕಟ್ಟಿ, ನಿದ್ದೆಗಣ್ಣಿನ ಮಗುವನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಡುವ ತಾಯಿ. ಇವತ್ತು ಅವರ ಮನೆಯ ವಿಷಯ ಮಾತಾಡೋಣ.

ಬೆಳಗಿನ ಬುಲೆಟಿನ್ ಇದ್ದಾಗ ನಾನು ಐದು ಗಂಟೆಗೇ ಆಫೀಸಿನ ಕ್ಯಾಬ್‌ನಲ್ಲಿರ್ತೀನಿ. ಆ ಹೊತ್ತಿಗೆ ಬೆಂಗಳೂರಿನ ರಸ್ತೆಯಲ್ಲಿ ಕಾಣೋದು ಹಾಲಿನ ವ್ಯಾನು, ಪೇಪರ್ ಹುಡುಗರು, ಪೌರಕಾರ್ಮಿಕರು ಮತ್ತು ಇವರು. ಎರಡು ಕಾಲಿನ ನಡುವೆ ಕಿಟ್ ಬ್ಯಾಗ್ ಸಿಕ್ಕಿಸಿಕೊಂಡು, ಹಿಂದೆ ಕೂತ ಮಗು ತೂಕಡಿಸಿ ಬಿದ್ದೀತು ಅಂತ ದುಪಟ್ಟಾದಲ್ಲಿ ಸೊಂಟಕ್ಕೆ ಕಟ್ಟಿಕೊಂಡ ಅಮ್ಮನನ್ನೂ ನೋಡಿದ್ದೇನೆ. ನನ್ನ ಮಗಳಿಗೆ ಎಂಟು ವರ್ಷ. ವಾರಕ್ಕೆ ಮೂರು ದಿನ ಈಜಿಗೆ ಹೋಗ್ತಾಳೆ, ಅದೂ ಸಂಜೆ, ಅದೂ ನೀರಲ್ಲಿ ಆಟ ಆಡೋಕೆ. ಅವಳನ್ನು ಬಿಟ್ಟು ಗ್ಯಾಲರಿಯಲ್ಲಿ ಕೂತಾಗ ಪಕ್ಕದ ಅಪ್ಪ ಅಮ್ಮಂದಿರ ಮಾತು ಕಿವಿಗೆ ಬೀಳುತ್ತೆ. ನಾನು ಓದಿದ್ದು ಇಂಜಿನಿಯರಿಂಗ್. ಕಿವಿಗೆ ಬಿದ್ದದ್ದನ್ನು ಲೆಕ್ಕಕ್ಕಿಳಿಸದಿದ್ದರೆ ಸಮಾಧಾನ ಆಗೋಲ್ಲ.

ಮೊದಲು ಗಂಟೆಯ ಲೆಕ್ಕ. ಹನ್ನೊಂದು ವರ್ಷದ ಹುಡುಗ. ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಅಭ್ಯಾಸ, ವಾರಕ್ಕೆ ಆರು ದಿನ. ಒಟ್ಟು 18 ಗಂಟೆ. ಮಕ್ಕಳ ಗಾಯಗಳ ಮೇಲೆ ಕೆಲಸ ಮಾಡಿದ ಅಮೆರಿಕದ ಕ್ರೀಡಾ ವೈದ್ಯರು ಒಂದು ಸುಲಭದ ಅಳತೆ ಕೊಟ್ಟಿದ್ದಾರೆ: ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ಸಂಘಟಿತ ತರಬೇತಿ ಆದರೆ ಗಂಭೀರ ಗಾಯದ ಸಾಧ್ಯತೆ ಏರುತ್ತೆ. ಹನ್ನೊಂದರ ಹುಡುಗನಿಗೆ 11 ಗಂಟೆ. ಇವನು ಮಾಡ್ತಿರೋದು 18.

ಇನ್ನು ನಿದ್ದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳ್ತಾರೆ. ನಾಲ್ಕೂವರೆಗೆ ಏಳುವ ಹುಡುಗ ಕನಿಷ್ಠ 9 ಗಂಟೆ ಮಲಗಬೇಕಾದರೆ ರಾತ್ರಿ ಏಳೂವರೆಗೆ ದಿಂಬಿಗೆ ತಲೆ ಕೊಡಬೇಕು. ಸಂಜೆಯ ಅಭ್ಯಾಸ ಮುಗಿಯೋದು ಆರೂವರೆಗೆ. ಟ್ರಾಫಿಕ್ ದಾಟಿ ಮನೆ ಸೇರುವಾಗ ಏಳು ಕಾಲು. ಊಟ ಯಾವಾಗ, ಹೋಮ್‌ವರ್ಕ್ ಯಾವಾಗ, ಅಜ್ಜಿ ಜೊತೆ ಎರಡು ಮಾತು ಯಾವಾಗ? ಈ ಟೈಮ್‌ಟೇಬಲ್ ಕಾಗದದ ಮೇಲೇ ನಿಲ್ಲೋಲ್ಲ. ಆದ್ರೂ ನಡೀತಿದೆ ಅಂದ್ರೆ ನಿದ್ದೆಯಿಂದ ಸಾಲ ತಗೊಂಡು ನಡೀತಿದೆ ಅಂತ ಅರ್ಥ.

ಸಾಲ ವಸೂಲಾಗೋದು ಮೂಳೆಯಲ್ಲಿ. ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಮೋಲ್ಡ್ ಹಾಕಿದ ಮರುದಿನ ಸೆಂಟ್ರಿಂಗ್ ಬಿಚ್ಚಿ ಮೇಲೆ ಇಟ್ಟಿಗೆ ಪೇರಿಸ್ತೀವಾ? ನೀರುಣಿಸ್ತೀವಿ, ದಿನ ಎಣಿಸ್ತೀವಿ. ಕಾಂಕ್ರೀಟಿನ ಬಲವನ್ನು ಅಳೆಯೋದೇ 28 ದಿನ ಆದಮೇಲೆ. ಬೆಳೆಯುವ ಮಗುವಿನ ಮೂಳೆಯ ತುದಿಗಳ ಹತ್ತಿರ ಮೃದ್ವಸ್ಥಿಯ ಒಂದು ಪದರ ಇರುತ್ತೆ. ಮೂಳೆ ಉದ್ದ ಆಗೋದು ಅಲ್ಲಿಂದ. ಬೆಳವಣಿಗೆ ಮುಗಿದಾಗ ಅದು ಗಟ್ಟಿ ಮೂಳೆಯಾಗಿ ಮುಚ್ಚಿಕೊಳ್ಳುತ್ತೆ. ಅಲ್ಲಿವರೆಗೂ ಇಡೀ ಮೂಳೆಯಲ್ಲಿ ಅದೇ ದುರ್ಬಲ ಜಾಗ. ಒಂದೇ ಎಸೆತ, ಒಂದೇ ಜಿಗಿತ, ಒಂದೇ ತಿರುವನ್ನು ದಿನಾ ಸಾವಿರ ಸಲ ಮಾಡಿದಾಗ ಪೆಟ್ಟು ಬೀಳೋದು ಅಲ್ಲಿಗೆ. ಮಂಡಿಚಿಪ್ಪಿನ ಕೆಳಗೆ ಗಂಟಿನ ಥರ ಊದಿಕೊಂಡು ನೋಯೋದು ಓಡಿ ಜಿಗಿಯುವ ಆಟಗಳ ಮಕ್ಕಳಲ್ಲಿ ಸಾಮಾನ್ಯ. ಹದಿಹರೆಯದ ಫಾಸ್ಟ್ ಬೌಲರ್‌ಗಳಿಗೆ ಸೊಂಟದ ಮೂಳೆಯಲ್ಲೇ ಕೂದಲೆಳೆಯಂಥ ಬಿರುಕು ಬರುತ್ತೆ. ಅದಕ್ಕೇ ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಚಿಕ್ಕ ವಯಸ್ಸಿನ ವೇಗಿಗಳಿಗೆ ಒಂದು ಸ್ಪೆಲ್‌ನಲ್ಲಿ ಎಷ್ಟು ಓವರ್, ಒಂದು ದಿನಕ್ಕೆ ಎಷ್ಟು ಅಂತ ವಯಸ್ಸಿನ ಪ್ರಕಾರ ಮಿತಿ ಹಾಕಿದೆ. ನಮ್ಮಲ್ಲಿ ಭಾನುವಾರ ಬೆಳಗ್ಗೆ ಒಂದು ಲೀಗ್ ಮ್ಯಾಚು, ಮಧ್ಯಾಹ್ನ ಇನ್ನೊಂದು ಅಕಾಡೆಮಿ ಪರವಾಗಿ ಪ್ರಾಕ್ಟೀಸ್ ಮ್ಯಾಚು. ಓವರ್ ಎಣಿಸುವವರು ಯಾರು? ಅಪ್ಪ ಅಮ್ಮನೇ ಎಣಿಸಬೇಕು.

ಮನೆಯಲ್ಲಿ ನೋವು ಅಂದಾಗ ಬರೋ ಉತ್ತರ ಗೊತ್ತಲ್ಲ, "ಬೆಳೆಯೋ ಮಕ್ಕಳ ಕಾಲುನೋವು ಕಣೋ, ಎಣ್ಣೆ ಹಚ್ಚಿ ಮಲಗಿಸು." ಅಜ್ಜಿ ಹೇಳೋದು ಸುಳ್ಳಲ್ಲ. ಆ ನೋವು ಇದೆ. ಅದು ರಾತ್ರಿ ಬರುತ್ತೆ, ಎರಡೂ ಕಾಲಲ್ಲಿ ಬರುತ್ತೆ, ಬೆಳಗ್ಗೆ ಹೊತ್ತಿಗೆ ಮಾಯ. ಆದ್ರೆ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವು, ಆಡಿದಷ್ಟೂ ಜಾಸ್ತಿ ಆಗೋದು, ಕುಂಟೋದು ಇದ್ದರೆ ಎಣ್ಣೆ ಬಾಟಲಿ ಕೆಳಗಿಟ್ಟು ಮೂಳೆ ಡಾಕ್ಟರ ಹತ್ತಿರ ಹೋಗಿ. ಟೂರ್ನಮೆಂಟ್ ಮುಗಿಸಿಕೊಂಡು ಹೋಗೋಣ ಅನ್ಬೇಡಿ.

ಇದೆಲ್ಲ ಕೇಳಿ ಗ್ಯಾಲರಿಯಲ್ಲಿ ಒಬ್ಬರು ನನಗೇ ತಿರುಗಿ ಕೇಳಿದ್ರು, "ಹಾಗಾದ್ರೆ ಧಿನಿಧಿ ಹೇಗೆ ಸಾರ್?" ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಧಿನಿಧಿ ದೇಸಿಂಗು ಹದಿನಾಲ್ಕನೇ ವಯಸ್ಸಿಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದ ಹುಡುಗಿ, ಆ ಸಲದ ಭಾರತ ತಂಡದಲ್ಲೇ ಅತಿ ಕಿರಿಯಳು. ಹೆಮ್ಮೆಯ ವಿಷಯ, ನಾನೇ ಆ ಸುದ್ದಿ ಓದಿದ್ದೇನೆ. ಆದರೆ ಕೆರೆ ಈಜಿ ದಡ ಸೇರಿದವರ ಬಾಯಿಗೆ ಮಾತ್ರ ಮೈಕ್ ಹಿಡಿದರೆ ಕೆರೆ ಆಳವೇ ಇಲ್ಲ ಅನ್ನಿಸುತ್ತೆ. ನಮ್ಮ ಕೆಲಸವೇ ದಡ ಸೇರಿದವರ ಮುಂದೆ ಮೈಕ್ ಹಿಡಿಯೋದು, ಹಾಗಾಗಿ ಈ ತಪ್ಪು ಲೆಕ್ಕವನ್ನು ನಿಮ್ಮ ಮನೆಗೆ ತಲುಪಿಸುವುದರಲ್ಲಿ ಟಿವಿಯ ಪಾಲು ದೊಡ್ಡದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರ ವರದಿಯಲ್ಲಿ ಹೇಳಿದ್ದು ಇಷ್ಟು: ಹೆಚ್ಚಿನ ಮಕ್ಕಳಿಗೆ ಹದಿನೈದು ಹದಿನಾರರವರೆಗೂ ಒಂದೇ ಆಟಕ್ಕೆ ಕಟ್ಟಿಹಾಕುವುದು ಬೇಡ, ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ ಕೊಡಿ, ವರ್ಷದಲ್ಲಿ ಒಟ್ಟು ಮೂರು ತಿಂಗಳು, ತಿಂಗಳ ಕಂತಿನಲ್ಲಿ, ಆ ಆಟದಿಂದ ಬಿಡುವು ಕೊಡಿ.

ಈಗ ಸೆಲೆಕ್ಷನ್. ಕ್ರಿಕೆಟ್‌ನ ವಯೋಮಿತಿ ತಂಡಗಳಿಗೆ ಲೆಕ್ಕ ಹಿಡಿಯೋದು ಸೆಪ್ಟೆಂಬರ್ 1ರಿಂದ. ಸೆಪ್ಟೆಂಬರ್ 2ಕ್ಕೆ ಹುಟ್ಟಿದವನೂ ಮುಂದಿನ ಆಗಸ್ಟ್ 30ಕ್ಕೆ ಹುಟ್ಟಿದವನೂ ಒಂದೇ ಗುಂಪಿನಲ್ಲಿ ನಿಲ್ತಾರೆ. ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಮೂವತ್ತರಲ್ಲಿ ಒಂದು ವರ್ಷ ಏನೂ ಅಲ್ಲ, ಹದಿಮೂರರಲ್ಲಿ ಅದು ಗೇಣುದ್ದದ ವ್ಯತ್ಯಾಸ. ದೊಡ್ಡವನಾಗಿ ಕಂಡವನು ಆಯ್ಕೆ ಆಗ್ತಾನೆ, ಒಳ್ಳೆ ಕೋಚಿಂಗ್ ಸಿಗುತ್ತೆ, ಮುಂದಿನ ವರ್ಷ ನಿಜವಾಗಲೂ ಚೆನ್ನಾಗಿ ಆಡ್ತಾನೆ. ಆಗಸ್ಟ್ ಹುಡುಗ "ನಂಗೆ ಟ್ಯಾಲೆಂಟ್ ಇಲ್ಲ" ಅಂತ ಬ್ಯಾಟ್ ಮಂಚದ ಕೆಳಗೆ ತಳ್ತಾನೆ. ಕೆನಡಾದ ಐಸ್ ಹಾಕಿಯಲ್ಲಿ ಇದನ್ನು 1980ರ ದಶಕದಲ್ಲೇ ಗುರುತಿಸಿದ್ದರು. ಅಲ್ಲಿ ಲೆಕ್ಕ ಜನವರಿಯಿಂದ, ಹಾಗಾಗಿ ದೊಡ್ಡ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿದ್ದರು. ನಿಮ್ಮ ಮಗ ಸೆಲೆಕ್ಟ್ ಆಗಲಿಲ್ವಾ? ಬೈಯುವ ಮೊದಲು ಅವನ ಹುಟ್ಟಿದ ತಿಂಗಳು ನೋಡಿ.

ಈ ತಿಂಗಳ ಆಟವನ್ನು ಅರ್ಥ ಮಾಡಿಕೊಂಡ ಕೆಲವು ಅಪ್ಪಂದಿರು ಏನು ಮಾಡ್ತಾರೆ ಅಂದ್ರೆ ಸರ್ಟಿಫಿಕೇಟನ್ನೇ ತಿದ್ದುತ್ತಾರೆ. ಹುಡುಗನಿಗೆ ಮನೆಯಲ್ಲಿ ಒಂದು ಹುಟ್ಟುಹಬ್ಬ, ಮೈದಾನದಲ್ಲಿ ಇನ್ನೊಂದು. ಇದನ್ನು ಹಿಡಿಯೋಕೆ ಬಿಸಿಸಿಐ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತೆ. ಮೇಲೆ ಹೇಳಿದ ಆ ಮೃದುವಾದ ಪದರ ಎಷ್ಟು ಮುಚ್ಚಿದೆ ಅನ್ನೋದೇ ಅಲ್ಲಿ ಸಾಕ್ಷಿ. 2015ರ ಪಟೌಡಿ ಉಪನ್ಯಾಸದಲ್ಲಿ ರಾಹುಲ್ ದ್ರಾವಿಡ್ ಈ ವಯಸ್ಸಿನ ಮೋಸವನ್ನು ಕಟುವಾಗಿ ಖಂಡಿಸಿದ್ದರು. ಸುಳ್ಳು ಹೇಳೋಕೆ ಕಲಿಸುವವರು ಮಗುವಿನ ಸ್ವಂತ ಅಪ್ಪ ಅಮ್ಮ ಅಥವಾ ಕೋಚ್ ಅನ್ನೋದೇ ಅವರ ಮಾತಿನ ನೋವಿನ ಭಾಗ.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಅನುಭವಿಸ್ತಿರೋರಿಗೆ ಹೇಳಬೇಕಾಗಿಲ್ಲ. ಹಕ್ಕಿಯ 16 ಗರಿಗಳಿಂದ ಮಾಡಿದ ಒಂದು ಒಳ್ಳೆ ಶಟಲ್‌ಗೆ ನೂರು ರೂಪಾಯಿ ದಾಟುತ್ತೆ, ಒಂದು ಬಿರುಸಿನ ಗೇಮ್‌ನಲ್ಲಿ ಅದರ ಗರಿ ಮುರಿಯುತ್ತೆ. ಕ್ರಿಕೆಟ್ ಬ್ಯಾಟ್ ಮಗುವಿನ ಜೊತೆ ಬೆಳೆಯೋಲ್ಲ: ನಾಲ್ಕನೇ ಸೈಜು, ಐದನೇದು, ಆರನೇದು, ಆಮೇಲೆ ಹ್ಯಾರೋ, ಕೊನೆಗೆ ದೊಡ್ಡವರದು. ಆದರೆ ಬಿಲ್ಲಿನಲ್ಲಿ ಬಾರದ ಖರ್ಚು ಬೇರೆ ಇದೆ. ಅಣ್ಣನ ಮ್ಯಾಚಿಗೆ ಅಂತ ಪ್ರತಿ ಶನಿವಾರ ಗ್ಯಾಲರಿ ಮೆಟ್ಟಿಲ ಮೇಲೆ ಕೂತು ಕಾಪಿ ಬರೆಯುವ ತಂಗಿ. ಅವಳ ಸಂಗೀತ ಕ್ಲಾಸು "ಈ ವರ್ಷ ಬೇಡ ಪುಟ್ಟಾ" ಆಗಿರುತ್ತೆ. ಪ್ರಮೋಷನ್ ಬೇಡ ಅಂದ, ಅಥವಾ ಕೆಲಸವನ್ನೇ ಬಿಟ್ಟ ಅಮ್ಮ. ಗ್ಯಾಲರಿಯಲ್ಲಿ ನಾನು ಕಂಡಂತೆ ಕೆಲಸ ಬಿಟ್ಟವರು ಅಮ್ಮಂದಿರು. ಅಪ್ಪಂದಿರು ಫೈನಲ್ಸ್‌ಗೆ ಬರ್ತಾರೆ. ಇನ್ನು ಜಿಲ್ಲೆಗಳಲ್ಲಿ ಈ ಸ್ಕೂಟರ್ ಪ್ರಯಾಣವೂ ಇಲ್ಲ. ಕೊಡಗಿನ ಕೂಡಿಗೆಯಂಥ ಕ್ರೀಡಾ ಶಾಲೆಗೋ, ಇಲಾಖೆಯ ಕ್ರೀಡಾ ನಿಲಯಕ್ಕೋ ಆಯ್ಕೆ ಆದ ಮಗು ಟ್ರಂಕ್ ಹಿಡಿದು ಮನೆಯನ್ನೇ ಬಿಡುತ್ತೆ. ಆ ಮನೆಗಳಲ್ಲಿ ಮಗನ ಬಾಲ್ಯ ಅಂದ್ರೆ ಫೋನ್ ಕರೆ ಮತ್ತು ದಸರಾ ರಜೆ.

ಹಾಗಂತ ಆಟ ಬೇಡ ಅಂತಿಲ್ಲ ನಾನು. ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ತಂದೆ ಬ್ಯಾಡ್ಮಿಂಟನ್ ಸಂಸ್ಥೆಯಲ್ಲಿ ದುಡಿದವರು, ಆಟ ಮನೆಯ ಗಾಳಿಯಲ್ಲೇ ಇತ್ತು. 1980ರಲ್ಲಿ ಆ ಹಾಲ್‌ನ ಹುಡುಗ ಆಲ್ ಇಂಗ್ಲೆಂಡ್ ಗೆದ್ದರು. ಲಗ್ನದ ಸೀಸನ್ ಅವರಿಗೆ ಬಲವಂತದ ರಜೆ ಕೊಡ್ತಿತ್ತು ಅಂತ ನನಗೆ ತಮಾಷೆಯಾಗಿ ಅನ್ನಿಸೋದುಂಟು, ಅಮೆರಿಕದ ಡಾಕ್ಟರುಗಳು ಹೇಳೋಕೆ ಎಷ್ಟೋ ಮೊದಲೇ.

ಕೊಡವ ಹಾಕಿ ಹಬ್ಬ ನೋಡಿ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಗಿದ್ದು, ಈಗ 300 ದಾಟಿದೆ. ಅಲ್ಲಿ ತಂಡ ಅಂದ್ರೆ ಮನೆತನ. ತಾತ, ಸೊಸೆ, ಮೊಮ್ಮಗ ಒಂದೇ ಜೆರ್ಸಿಯಲ್ಲಿ ಇಳೀತಾರೆ. ಮಗು ಆಡೋದನ್ನು ಹೊರಗೆ ಕೂತು ಅಳೆಯುವವರಿಲ್ಲ, ಎಲ್ಲರೂ ಬೆವರ್ತಿರ್ತಾರೆ. ನಾರ್ವೆಯವರು ಇನ್ನೊಂದು ದಾರಿ ಹಿಡಿದರು. 1987ರಲ್ಲೇ ಮಕ್ಕಳ ಕ್ರೀಡೆಗೆ ನಿಯಮ ಮಾಡಿಕೊಂಡ ದೇಶ ಅದು. ಹನ್ನೊಂದರ ಕೆಳಗೆ ರ‍್ಯಾಂಕಿಂಗ್ ಪಟ್ಟಿ ಇಲ್ಲ, ಹದಿಮೂರರ ಕೆಳಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲದ ಆ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನದಲ್ಲಿತ್ತು. ಹಿಮ ಇದೆ, ಹಣ ಇದೆ, ಒಪ್ತೀನಿ. ಆದರೆ ಎಂಟರ ಮಗುವಿಗೆ ರ‍್ಯಾಂಕ್ ಕೊಡದಿದ್ದರೆ ಚಾಂಪಿಯನ್ ಹುಟ್ಟೋಲ್ಲ ಅನ್ನುವ ವಾದವಂತೂ ಅಲ್ಲಿ ನಿಲ್ಲೋಲ್ಲ.

ಮತ್ತೆ ಆ ಸ್ಕೂಟರ್ ವಿಷಯ. ಸೋತು ವಾಪಸ್ ಬರುವ ದಾರಿ ಇದೆಯಲ್ಲ, ಮಗುವಿಗೆ ಅಲ್ಲಿಂದ ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ. ಹೆಲ್ಮೆಟ್ ಒಳಗಿಂದಲೇ ಶುರುವಾಗುತ್ತೆ, "ಆ ಸರ್ವಿಸ್ ಯಾಕೆ ನೆಟ್‌ಗೆ ಹೊಡೆದೆ? ಕೋಚ್ ಏನ್ ಹೇಳಿದ್ರು? ಅವಳು ನೋಡು, ನಿನಗಿಂತ ಚಿಕ್ಕವಳು." ಕೆಂಪು ಸಿಗ್ನಲ್‌ನಲ್ಲಿ ತಿರುಗಿ ಇನ್ನೊಂದು ಸಲ. ಮಗುವಿಗೆ ಆ ತಪ್ಪು ಗೊತ್ತು, ಅದೇ ಆಡಿದ್ದು. ಆಟ ಕಲಿಸೋಕೆ ಕೋಚ್ ಇದ್ದಾರೆ, ಅವರಿಗೆ ಫೀಸೂ ಕಟ್ಟಿದೆ. ಆ ಅರ್ಧ ಗಂಟೆ ಮಗುವಿಗೆ ಬೇಕಾಗಿರೋದು ಗೋಬಿಯೋ ಎಳನೀರೋ ಅಂತ ಕೇಳುವ ಒಬ್ಬ ಅಮ್ಮ.

ಒಂಬತ್ತನೇ ಕ್ಲಾಸಿಗೆ ಬಂದಾಗ ಇಷ್ಟು ವರ್ಷ ಓಡಿದ ಮನೆ ಒಂದೇ ದಿನಕ್ಕೆ ನಿಲ್ಲುತ್ತೆ. "ಎಸ್ಸೆಸ್ಸೆಲ್ಸಿ ಇದೆ, ಸಾಕು." ರಾಕೆಟ್ ಅಟ್ಟದ ಮೇಲೆ. ಕ್ರೀಡಾ ಕೋಟಾ ನಂಬಿ ಮುಂದುವರಿಸಿ ಅಂತ ನಾನು ಹೇಳೋಲ್ಲ, ಸಿಇಟಿಯಲ್ಲಿ ಆ ಸೀಟುಗಳು ಕೆಲವೇ ಕೆಲವು, ಕೇಳುವ ಪದಕಗಳು ದೊಡ್ಡವು. ಆದರೆ 18 ಗಂಟೆಯಿಂದ ಸೊನ್ನೆಗೆ ಯಾಕೆ ಇಳಿಯಬೇಕು? ನಾಲ್ಕು ಗಂಟೆ ಉಳಿಸಿ. ಬದುಕಿನ ಅರ್ಧವನ್ನು ಕೋರ್ಟ್‌ನಲ್ಲಿ ಕಳೆದ ಹದಿನಾಲ್ಕರ ಮಗುವಿಗೆ ಅದರ ಗೆಳೆಯರೆಲ್ಲ ಇರೋದು ಅಲ್ಲೇ.

ಏಪ್ರಿಲ್ ಬಂತು, ಸಮ್ಮರ್ ಕ್ಯಾಂಪ್ ಬೋರ್ಡುಗಳು ಏರಿವೆ. ಫೀಸ್ ಎಷ್ಟು, ಯೂನಿಫಾರ್ಮ್ ಯಾವ ಬಣ್ಣ ಅನ್ನೋದರ ಜೊತೆಗೆ ಕೋಚ್ ಹತ್ತಿರ ಇವನ್ನೂ ಕೇಳಿ: ವಾರಕ್ಕೆ ಎಷ್ಟು ದಿನ ರಜೆ? ನೋವು ಅಂದ ಮಗುವನ್ನು ಏನು ಮಾಡ್ತೀರಿ? ಐದು ವರ್ಷದ ಹಿಂದೆ ನಿಮ್ಮಲ್ಲಿ ಸೇರಿದ ಹತ್ತು ಮಕ್ಕಳಲ್ಲಿ ಈಗಲೂ ಆಡ್ತಿರೋರು ಎಷ್ಟು ಜನ? ಗೋಡೆ ಮೇಲಿನ ಟ್ರೋಫಿ ಫೋಟೋಗಳನ್ನು ಅವರಾಗಿಯೇ ತೋರಿಸ್ತಾರೆ, ಅದನ್ನು ಕೇಳಬೇಕಾಗಿಲ್ಲ.