ಚಕ್ರ ನಿಂತಿತೇ, ತಿರುಗುತ್ತಿದೆಯೇ?

ಮಳೆಯಲ್ಲಿ ಗಕ್ಕನೆ ಬ್ರೇಕ್ ಹಿಡಿದರೆ ಬೈಕಿನ ಚಕ್ರ ನಿಂತುಬಿಡುತ್ತದೆ. ಬೈಕ್ ಮಾತ್ರ ನಿಲ್ಲದೆ ಜಾರುತ್ತಾ ಹೋಗುತ್ತದೆ. ಇದನ್ನು ತಪ್ಪಿಸಲೆಂದೇ 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ಮಾದರಿಗಳಿಗೆ ನಮ್ಮ ದೇಶದಲ್ಲಿ 2018ರ ಏಪ್ರಿಲ್‌ನಿಂದ ಎಬಿಎಸ್ (ಆ್ಯಂಟಿ-ಲಾಕ್ ಬ್ರೇಕಿಂಗ್ ವ್ಯವಸ್ಥೆ) ಕಡ್ಡಾಯವಾಯಿತು. ಎಬಿಎಸ್‌ಗೆ ಮೊದಲು ತಿಳಿಯಬೇಕಾದದ್ದು ಚಕ್ರ ಈ ಕ್ಷಣ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದು. ಇದನ್ನು ಹೇಳಲು ಅಚ್ಚಿನ ಬಳಿ, ಕೆಸರು, ನೀರು, ಬ್ರೇಕಿನ ಕಾವಿನ ನಡುವೆ ಕೆಲವೇ ಮಿಲಿಮೀಟರ್ ಅಳತೆಯ ಒಂದು ಚಿಪ್ ಕೂತಿರುತ್ತದೆ.

ಇಂಥ ಚಿಪ್‌ಗಳನ್ನು ತಯಾರಿಸುವವರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ಊರಿನ ಅಲೆಗ್ರೊ ಮೈಕ್ರೋಸಿಸ್ಟಮ್ಸ್ ಪ್ರಮುಖ ಕಂಪನಿ. ಸ್ಪ್ರೇಗ್ ಎಲೆಕ್ಟ್ರಿಕ್‌ನ ಸೆಮಿಕಂಡಕ್ಟರ್ ವಿಭಾಗವಾಗಿದ್ದ ಇದು 1990ರಲ್ಲಿ ಜಪಾನಿನ ಸ್ಯಾಂಕೆನ್ ಎಲೆಕ್ಟ್ರಿಕ್ ಕೈಸೇರಿ ಈಗಿನ ಹೆಸರು ಪಡೆಯಿತು. ಕಾರು ಮತ್ತು ಕಾರ್ಖಾನೆಗಳಿಗೆ ಬೇಕಾದ ಕಾಂತೀಯ ಸೆನ್ಸರ್‌ಗಳೇ ಇದರ ಮುಖ್ಯ ಸರಕು.

ಇವುಗಳಲ್ಲಿ ಬಹುಪಾಲು ಸೆನ್ಸರ್‌ಗಳ ಮೂಲ 1879ರ ಒಂದು ಪ್ರಯೋಗದಲ್ಲಿದೆ. ಅಯಸ್ಕಾಂತದ ಬಲ ತಂತಿಯ ಮೇಲೆ ಬೀಳುತ್ತದೆ, ಅದರೊಳಗೆ ಹರಿಯುವ ವಿದ್ಯುತ್ತಿನ ಮೇಲಲ್ಲ ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಬರೆದಿದ್ದರು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ವಿನ್ ಹಾಲ್‌ಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಗಾಜಿನ ಮೇಲೆ ತೆಳುವಾದ ಚಿನ್ನದ ರೇಕನ್ನು ಅಂಟಿಸಿ, ಅದರಲ್ಲಿ ವಿದ್ಯುತ್ ಹರಿಸಿ, ಅಯಸ್ಕಾಂತದ ಧ್ರುವಗಳ ನಡುವೆ ಇಟ್ಟರು. ರೇಕಿನ ಎರಡು ಅಂಚುಗಳ ನಡುವೆ ಸಣ್ಣದೊಂದು ವೋಲ್ಟೇಜ್ ಕಾಣಿಸಿಕೊಂಡಿತು. ಎಲೆಕ್ಟ್ರಾನ್ ಪತ್ತೆಯಾದದ್ದು ಇದಾಗಿ 18 ವರ್ಷಗಳ ಮೇಲೆ! ಒಬ್ಬ ವಿದ್ಯಾರ್ಥಿ ದೊಡ್ಡವರ ಮಾತನ್ನು ಪರೀಕ್ಷೆಗೆ ಒಡ್ಡಿದ್ದರ ಫಲ ಇಂದು ಕೋಟ್ಯಂತರ ವಾಹನಗಳಲ್ಲಿದೆ.

ಚಿನ್ನದಲ್ಲಿ ಎಲೆಕ್ಟ್ರಾನ್‌ಗಳು ತೀರಾ ಹೆಚ್ಚು. ಹಾಗಾಗಿ ಒಂದೊಂದೂ ನಿಧಾನವಾಗಿ ಸಾಗುತ್ತದೆ, ಅಯಸ್ಕಾಂತ ಅದನ್ನು ಪಕ್ಕಕ್ಕೆ ತಳ್ಳುವ ಬಲ ಕಡಿಮೆ, ಅಂಚುಗಳ ನಡುವಿನ ವೋಲ್ಟೇಜೂ ಕಡಿಮೆ. ಸಿಲಿಕಾನ್‌ನಲ್ಲಿ ಹರಿಯುವ ಕಣಗಳು ಕಡಿಮೆ, ಅವುಗಳ ವೇಗ ಹೆಚ್ಚು, ವೋಲ್ಟೇಜೂ ಹೆಚ್ಚು. ಆದರೂ ಒಂದು ಗೌಸ್ ಕಾಂತಕ್ಷೇತ್ರಕ್ಕೆ ಸಿಗುವುದು ಸುಮಾರು 30 ಮೈಕ್ರೋವೋಲ್ಟ್ ಅಷ್ಟೇ. ಭೂಮಿಯ ಕಾಂತಕ್ಷೇತ್ರ ಅರ್ಧ ಗೌಸ್‌ನ ಆಸುಪಾಸಿನದು.

ನಿಜವಾದ ಕಷ್ಟ ಇಲ್ಲಿಂದ ಮುಂದೆ. ಚಿಪ್‌ಗೆ ಪ್ಲಾಸ್ಟಿಕ್ ಹೊದಿಕೆ ಹಾಕಿದಾಗ ಅದು ಸಿಲಿಕಾನನ್ನು ಅದುಮುತ್ತದೆ. ಕಾವೇರಿದಾಗ ಒಂದು ಬಗೆ, ತಣಿದಾಗ ಇನ್ನೊಂದು ಬಗೆ. ಈ ಒತ್ತಡದಿಂದಲೇ ಅಯಸ್ಕಾಂತ ಇಲ್ಲದಿದ್ದಾಗಲೂ ಸುಳ್ಳು ವೋಲ್ಟೇಜ್ ಹುಟ್ಟುತ್ತದೆ. ತಟ್ಟೆಗಳು ಸಮವಿಲ್ಲದ ತಕ್ಕಡಿಯಲ್ಲಿ ಸರಿಯಾಗಿ ತೂಗಬೇಕೆಂದರೆ ಸಾಮಾನನ್ನು ಒಮ್ಮೆ ಈ ತಟ್ಟೆಯಲ್ಲಿ, ಒಮ್ಮೆ ಆ ತಟ್ಟೆಯಲ್ಲಿ ಇಟ್ಟು ನೋಡುತ್ತೇವಲ್ಲ, ಚಿಪ್ ಮಾಡುವುದೂ ಅದನ್ನೇ. ಹಾಲ್ ಅವರ ರೇಕಿನ ಕೆಲಸ ಮಾಡುವ ಚೌಕಾಕಾರದ ಸಿಲಿಕಾನ್ ತುಂಡಿನಲ್ಲಿ, ಅಂದರೆ ಹಾಲ್ ಫಲಕದಲ್ಲಿ, ವಿದ್ಯುತ್ತನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹರಿಸುತ್ತದೆ. ಸುಳ್ಳು ವೋಲ್ಟೇಜ್ ದಿಕ್ಕು ಬದಲಿಸುತ್ತದೆ, ನಿಜವಾದದ್ದು ಬದಲಿಸುವುದಿಲ್ಲ. ಎರಡನ್ನೂ ಕೂಡಿದರೆ ಸುಳ್ಳು ಕಳೆದುಹೋಗುತ್ತದೆ. ಸೆಕೆಂಡಿಗೆ ಲಕ್ಷಾಂತರ ಬಾರಿ ಇದು ನಡೆಯುತ್ತದೆ. ವಾಹನದ ಅತಿ ಕಠಿಣ ಜಾಗಗಳಿಗೆಂದು ಮಾಡಿದ ಚಿಪ್‌ನಲ್ಲಿ ಇದು ಮೈನಸ್ 40ರಿಂದ 150 ಡಿಗ್ರಿ ಸೆಲ್ಸಿಯಸ್‌ವರೆಗೂ ನಡೆಯಬೇಕು.

ಚಕ್ರದೊಡನೆ ತಿರುಗುವ ಉಂಗುರದಲ್ಲಿ ಹಲ್ಲುಗಳಿರುತ್ತವೆ, ಇಲ್ಲವೇ ಉತ್ತರ–ದಕ್ಷಿಣ ಧ್ರುವಗಳು ಸಾಲಾಗಿರುತ್ತವೆ. ಅವು ಎದುರು ಹಾದಾಗಲೆಲ್ಲ ಕಾಂತಕ್ಷೇತ್ರ ಏರಿಳಿಯುತ್ತದೆ. ಹಳೆಯ ತಂತಿ ಸುರುಳಿಯ ಸೆನ್ಸರ್‌ನ ಸಂಕೇತ ಚಕ್ರ ನಿಧಾನವಾದಂತೆ ಕುಗ್ಗುತ್ತಿತ್ತು. ಹಾಲ್ ಸೆನ್ಸರ್ ಚಕ್ರ ನಿಲ್ಲುವ ಹಂತದವರೆಗೂ ಲೆಕ್ಕ ತಪ್ಪದು. ಸುದ್ದಿ ಕಳಿಸುವ ಬಗೆಯಂತೂ ನನಗೆ ತುಂಬಾ ಮೆಚ್ಚುಗೆ: ಎರಡೇ ತಂತಿ, ಅವುಗಳಲ್ಲಿ ಕರೆಂಟ್ ಒಮ್ಮೆ 7 ಮಿಲಿಆಂಪಿಯರ್, ಒಮ್ಮೆ 14. ತಂತಿ ತುಂಡಾದರೆ ಕರೆಂಟ್ ಸೊನ್ನೆಯಾಗುತ್ತದೆ. ಆಗ ಚಕ್ರ ನಿಂತಿದೆ ಎಂದು ಎಬಿಎಸ್ ತಪ್ಪು ತಿಳಿಯುವುದಿಲ್ಲ, ಸೆನ್ಸರ್ ಕೆಟ್ಟಿದೆ ಎಂದು ತಿಳಿದು ದೀಪ ಹೊತ್ತಿಸುತ್ತದೆ.

ಎರಡು–ಮೂರು ನ್ಯಾನೋಮೀಟರ್ ಚಿಪ್‌ಗಳದೇ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಈ ಸೆನ್ಸರ್‌ಗಳಿಗೆ ಅಷ್ಟು ಸೂಕ್ಷ್ಮ ಗೆರೆಗಳು ಬೇಕಿಲ್ಲ, ಹಳೆಯ ತಲೆಮಾರಿನ ತಂತ್ರವೇ ಸಾಕು. ಇಲ್ಲಿ ಬೆಲೆ ಇರುವುದು ಭೌತಶಾಸ್ತ್ರದ ತಿಳಿವಿಗೆ ಮತ್ತು ಅಳತೆಯ ಶಿಸ್ತಿಗೆ. ಅವೆರಡನ್ನೂ ನಮ್ಮ ಕಾಲೇಜುಗಳಲ್ಲೇ ಬೆಳೆಸಬಹುದು.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಕೊಳ್ಳುವ ಎಸಿಎಸ್712 ಎಂಬ ಕರೆಂಟ್ ಸೆನ್ಸರ್ ಅಲೆಗ್ರೊದ್ದೇ. ಒಳಗಿನ ತಾಮ್ರದ ಪಟ್ಟಿಯಲ್ಲಿ ಕರೆಂಟ್ ಹರಿದಾಗ ಹುಟ್ಟುವ ಕಾಂತಕ್ಷೇತ್ರವನ್ನು, ಪಟ್ಟಿಗೆ ತಾಗದೆಯೇ, ಹಾಲ್ ಫಲಕ ಅಳೆಯುತ್ತದೆ. 5 ಆಂಪಿಯರ್ ಮಾದರಿಯಲ್ಲಿ ಪ್ರತಿ ಆಂಪಿಯರ್‌ಗೆ 185 ಮಿಲಿವೋಲ್ಟ್. ಅದು ನಿಮ್ಮ ಕೈಯಲ್ಲಿದ್ದರೆ ಕೋಡ್ ಬರೆಯುವ ಮೊದಲು ಕರೆಂಟ್ ಇಲ್ಲದಾಗ ಅದು ಎಷ್ಟು ತೋರಿಸುತ್ತದೆ, ಬಿಸಿಯಾದ ಮೇಲೆ ಎಷ್ಟು, ಪಕ್ಕದಲ್ಲಿ ಅಯಸ್ಕಾಂತ ಇಟ್ಟರೆ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಮೇಷ್ಟ್ರುಗಳು ಅದಕ್ಕೂ ಅಂಕ ಕೊಡಲಿ.