ಎರಡನೇ ಭಾಗವನ್ನು ಅಳೆಯುವುದು ಹೇಗೆ?

ದಾವಣಗೆರೆಯಲ್ಲಿ ಒಂದು ಅನಿಮೇಷನ್ ಚಿತ್ರದ ಎರಡನೇ ಭಾಗ ನೋಡಿ, ಮನೆಯವರೊಂದಿಗೆ ಹರಿಹರದ ಬಸ್ಸು ಹತ್ತಿದ್ದೀರಿ ಎಂದಿಟ್ಟುಕೊಳ್ಳಿ. ತಂಗಿಗೆ ಚಿತ್ರ ಬಹಳ ಹಿಡಿಸಿದೆ. ಅಜ್ಜಿ ಮಾತ್ರ "ಮೊದಲಿನದೇ ಚೆನ್ನಾಗಿತ್ತು" ಎನ್ನುತ್ತಾರೆ. ಊರು ಬಂದರೂ ವಾದ ಮುಗಿಯುವುದಿಲ್ಲ. ಒಂದೇ ಚಿತ್ರಕ್ಕೆ ಎರಡು ತೀರ್ಪು ಏಕೆ?

ನಮ್ಮ ದೇಶದ್ದೇ ಉದಾಹರಣೆ ನೋಡೋಣ. 2005ರಲ್ಲಿ ವಿ.ಜಿ. ಸಾಮಂತ್ ನಿರ್ದೇಶನದ ಹಿಂದಿ ಅನಿಮೇಷನ್ ಚಿತ್ರ 'ಹನುಮಾನ್' ತೆರೆಕಂಡು ಜನಪ್ರಿಯವಾಯಿತು. ಅದು ಪುರಾಣದ ಕಥೆಯನ್ನೇ ಹೇಳಿತ್ತು. 2007ರ ಡಿಸೆಂಬರಿನಲ್ಲಿ ಅನುರಾಗ್ ಕಶ್ಯಪ್ ನಿರ್ದೇಶನದ 'ರಿಟರ್ನ್ ಆಫ್ ಹನುಮಾನ್' ಬಂತು. ಇಲ್ಲಿ ಹಳೆಯ ಕಥೆ ಮುಂದುವರಿಯಲಿಲ್ಲ, ಪಾತ್ರ ಮುಂದುವರಿಯಿತು. ಹನುಮಂತ ಬ್ರಹ್ಮನ ಅಪ್ಪಣೆ ಪಡೆದು ಈ ಕಾಲದ ಹುಡುಗನಾಗಿ ಹುಟ್ಟಿ, ಶಾಲೆಯಲ್ಲಿ ಪುಂಡರ ಕಾಟಕ್ಕೆ ಸಿಕ್ಕಿದ ಬಾಲಕನಿಗೆ ನೆರವಾಗುತ್ತಾನೆ.

ತುಂಗಭದ್ರೆಯ ದಡದ ಹರಿಹರದವರಿಗೆ ಹನುಮಂತ ದೂರದವನಲ್ಲ. ಅವನು ಹುಟ್ಟಿದ್ದೆಂದು ಭಕ್ತರು ನಂಬುವ ಅಂಜನಾದ್ರಿ ಇದೇ ಹೊಳೆಯ ಕೆಳಹರಿವಿನಲ್ಲಿ, ಆನೆಗೊಂದಿಯ ಬಳಿ ಇದೆ. ಪುರಾಣ ಕೇಳಿ ಬೆಳೆದ ಹಿರಿಯರು ತಾವು ಬಲ್ಲ ದೇವರನ್ನು ತೆರೆಯ ಮೇಲೆ ಹುಡುಕುತ್ತಾರೆ. ತರಗತಿಯಲ್ಲಿ ಅಂಜಿ ಕೂರುವ ಮಗುವಿಗೆ ಬೇಕಾದದ್ದು ತನ್ನ ಪಕ್ಕದಲ್ಲಿ ನಿಲ್ಲುವ ಗೆಳೆಯ. ಇಬ್ಬರೂ ತಪ್ಪಲ್ಲ, ಅವರು ಹಿಡಿದಿರುವ ಅಳತೆಗೋಲು ಬೇರೆ.

ಎರಡನೇ ಭಾಗದ ಕಷ್ಟವೇ ಇದು. ಹಳೆಯದನ್ನೇ ಮತ್ತೆ ಹೇಳಿದರೆ ಬೇಸರ. ಪೂರ್ತಿ ಬದಲಿಸಿದರೆ ಮುನಿಸು. ಮೊದಲ ಚಿತ್ರದ ಹೆಸರು ಟಿಕೆಟ್ ಮಾರಬಲ್ಲದು, ಆದರೆ ಮನಸ್ಸು ಗೆಲ್ಲಲಾರದು. ಅಮೆರಿಕದ 'ಟಾಯ್ ಸ್ಟೋರಿ 2' ಚಿತ್ರವನ್ನು ಮೊದಲು ಮನೆಯಲ್ಲಿ ನೋಡುವ ವಿಡಿಯೋಗೆಂದೇ ಆರಂಭಿಸಿದ್ದರು. ಅದುವರೆಗಿನ ಕೆಲಸ ತೃಪ್ತಿ ಕೊಡದಿದ್ದಾಗ ಕಥೆಯನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿ, 1999ರಲ್ಲಿ ಚಿತ್ರಮಂದಿರಕ್ಕೆ ತಂದರು. ಅದು ಮೊದಲನೆಯದರಷ್ಟೇ ಮೆಚ್ಚುಗೆ ಪಡೆಯಿತು.

ಹರಿಹರೇಶ್ವರನ ಮೂರ್ತಿಯನ್ನು ನೆನೆಯಿರಿ: ಬಲಭಾಗ ಹರ, ಎಡಭಾಗ ಹರಿ, ಆದರೂ ಒಂದೇ ಮೂರ್ತಿ. ಒಳ್ಳೆಯ ಎರಡನೇ ಭಾಗದಲ್ಲೂ ಹಳತು ಹೊಸತು ಹೀಗೆ ಕೂಡಿರಬೇಕು.

ಮುಂದಿನ ಸಲ ಚಿತ್ರ ನೋಡಿ ಬಂದಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಪಾತ್ರದ ಸ್ವಭಾವ ಉಳಿದಿದೆಯೇ? ಹೊಸದಾಗಿ ಹೇಳುವ ಮಾತಿದೆಯೇ? ಮೊದಲ ಭಾಗ ನೋಡದವನಿಗೂ ಕಥೆ ತಿಳಿಯುತ್ತದೆಯೇ? ಉತ್ತರಗಳನ್ನು ಅಜ್ಜಿಯ ಮುಂದಿಡಿ, ಅವರ ಮಾತನ್ನೂ ಕೇಳಿ. ಆಗ ಬಸ್ಸಿನ ಜಗಳವೇ ಒಳ್ಳೆಯ ಚರ್ಚೆಯಾದೀತು.