ಅಕ್ಷರಕ್ಕೆ ಸಹಿಯೋ, ಅಂಕಿಗೆ ಸಹಿಯೋ? ಮಿಂಚಂಚೆ, ಡಿಜಿಟಲ್ ಸಹಿ ಮತ್ತು ಕನ್ನಡ ಪಠ್ಯ

ಭಾರತ ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ, ಕುಂದುಕೊರತೆಯ ಪರಿಹಾರಕ್ಕಾಗಿ ಸಲ್ಲಿಸುವ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯಬಹುದು. ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಮಡಕಶಿರಾಗಳ ಕನ್ನಡಿಗರಿಗೆ ಈ ಹಕ್ಕು ಬಹುಕಾಲ ಕಾಗದ ಮತ್ತು ಶಾಯಿಯ ಮೂಲಕವೇ ಚಲಾವಣೆಗೊಂಡಿತು. ಮನವಿಗಳೂ ದಾಖಲೆಗಳೂ ಮಿಂಚಂಚೆಗೆ ಸಾಗಿರುವ ಈ ಕಾಲದಲ್ಲಿ, ಕನ್ನಡದಲ್ಲಿ ಬರೆದು ಡಿಜಿಟಲ್ ಸಹಿ ಹಾಕಿದ ಪತ್ರವೊಂದು ಹತ್ತು ವರ್ಷಗಳ ಅನಂತರವೂ ಅದೇ ಪತ್ರವೆಂದು ಸಾಬೀತಾಗುವುದೇ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಇದಕ್ಕೆ ಉತ್ತರವು ಡಿಜಿಟಲ್ ಸಹಿ ವಾಸ್ತವದಲ್ಲಿ ಯಾವುದನ್ನು ಕಾಯುತ್ತದೆ ಎಂಬುದನ್ನು ಅವಲಂಬಿಸಿದೆ. ಅದು ಕಾಯುವುದು ಅಕ್ಷರಗಳನ್ನಲ್ಲ, ಅರ್ಥವನ್ನೂ ಅಲ್ಲ. ಅಕ್ಷರಗಳನ್ನು ಪ್ರತಿನಿಧಿಸುವ ಅಂಕಿಗಳ ಸಾಲನ್ನು ಮಾತ್ರ.

ಎರಡು ಕೀಲಿಗಳ ಕಲ್ಪನೆ

1976ರಲ್ಲಿ ವಿಟ್‌ಫೀಲ್ಡ್ ಡಿಫೀ ಮತ್ತು ಮಾರ್ಟಿನ್ ಹೆಲ್‌ಮನ್ ಅವರು ಗೂಢಲಿಪಿಶಾಸ್ತ್ರಕ್ಕೆ ಹೊಸ ದಿಕ್ಕೊಂದನ್ನು ತೋರಿದರು. ಒಂದೇ ಗುಟ್ಟಿನ ಕೀಲಿಯನ್ನು ಇಬ್ಬರು ಹಂಚಿಕೊಳ್ಳುವ ಬದಲು, ಪ್ರತಿಯೊಬ್ಬರ ಬಳಿಯೂ ಜೋಡಿ ಕೀಲಿಗಳಿರಬಹುದು: ಒಂದು ಖಾಸಗಿ, ಇನ್ನೊಂದು ಸಾರ್ವಜನಿಕ. ಖಾಸಗಿ ಕೀಲಿಯಿಂದ ಮಾಡಿದ ಸಹಿಯನ್ನು ಸಾರ್ವಜನಿಕ ಕೀಲಿಯುಳ್ಳ ಯಾರು ಬೇಕಾದರೂ ಪರೀಕ್ಷಿಸಬಹುದು; ಆದರೆ ಅದನ್ನು ನಕಲು ಮಾಡಲಾಗದು. ಈ ಕಲ್ಪನೆಯನ್ನು ಕಾರ್ಯರೂಪಕ್ಕೆ ತಂದ ಪ್ರಸಿದ್ಧ ವಿಧಾನವನ್ನು 1977ರಲ್ಲಿ ರೊನಾಲ್ಡ್ ರಿವೆಸ್ಟ್, ಆದಿ ಶಮೀರ್ ಮತ್ತು ಲಿಯೊನಾರ್ಡ್ ಏಡಲ್‌ಮನ್ ರೂಪಿಸಿದರು. ಅವರ ಹೆಸರುಗಳ ಮೊದಲಕ್ಷರಗಳಿಂದ ಅದಕ್ಕೆ ಆರ್‌ಎಸ್‌ಎ ಎಂಬ ಹೆಸರು ಬಂದಿತು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮರಳಿ ಬೇರ್ಪಡಿಸುವುದು ಅತಿಕಷ್ಟ ಎಂಬುದೇ ಅದರ ಬಲ. 1983ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. 2000ದ ಸೆಪ್ಟೆಂಬರಿನಲ್ಲಿ ಅದರ ಅವಧಿ ಮುಗಿದು ವಿಧಾನವು ಸರ್ವರ ಸ್ವತ್ತಾಯಿತು.

ಇಡೀ ದಾಖಲೆಗೆ ನೇರವಾಗಿ ಸಹಿ ಹಾಕುವ ಪದ್ಧತಿಯಿಲ್ಲ. ಮೊದಲು ದಾಖಲೆಯಿಂದ ಹ್ಯಾಶ್ ಎಂಬ ಒಂದು ಸಾರಸಂಖ್ಯೆಯನ್ನು ಪಡೆಯಲಾಗುತ್ತದೆ. ದಾಖಲೆ ಒಂದು ಸಾಲಿನದಾಗಿರಲಿ, ಸಾವಿರ ಪುಟದ್ದಾಗಿರಲಿ, ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ವಿಧಾನದಲ್ಲಿ ಈ ಸಾರಸಂಖ್ಯೆಯ ಉದ್ದ 256 ಬಿಟ್. ಮೂಲದಲ್ಲಿ ಒಂದು ಬಿಟ್ ಬದಲಾದರೂ ಸಾರಸಂಖ್ಯೆ ಗುರುತು ಸಿಗದಷ್ಟು ಬದಲಾಗುತ್ತದೆ. ಖಾಸಗಿ ಕೀಲಿಯಿಂದ ಸಹಿ ಬೀಳುವುದು ಈ ಸಂಖ್ಯೆಗೆ. ಆದ್ದರಿಂದ ಸಾರಸಂಖ್ಯೆಯ ವಿಧಾನ ದುರ್ಬಲವಾದರೆ ಸಹಿಯೂ ದುರ್ಬಲವಾಗುತ್ತದೆ. ಹಳೆಯ ಎಸ್‌ಎಚ್‌ಎ-1 ವಿಧಾನದಲ್ಲಿ ಒಂದೇ ಸಾರಸಂಖ್ಯೆಯುಳ್ಳ ಎರಡು ಭಿನ್ನ ಪಿಡಿಎಫ್ ಕಡತಗಳನ್ನು 2017ರಲ್ಲಿ ಸಂಶೋಧಕರು ರಚಿಸಿ ತೋರಿಸಿದ್ದು ಇದಕ್ಕೆ ನಿದರ್ಶನ.

ಮಿಂಚಂಚೆಯ ಹಾದಿ

ಮಿಂಚಂಚೆಯ ಸಾಗಣೆಯ ನಿಯಮಗಳು ರೂಪುಗೊಂಡದ್ದು ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ 7 ಬಿಟ್‌ಗಳ ಸಂಕೇತವನ್ನು ಆಧರಿಸಿ. ಇತರ ಲಿಪಿಗಳೂ ಲಗತ್ತುಗಳೂ ಆ ಕಿರಿದಾದ ಹಾದಿಯಲ್ಲಿ ಸಾಗುವಂತೆ ಮಾಡಿದ್ದು 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಪ್ರಕಟಿಸಿದ ಮೈಮ್ ವ್ಯವಸ್ಥೆ. ಕನ್ನಡದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಯುಟಿಎಫ್-8 ಸಂಕೇತೀಕರಣದಲ್ಲಿ ‘ಕ’ ಅಕ್ಷರವು 224, 178, 149 ಎಂಬ ಮೂರು ಬೈಟುಗಳು. ಮೈಮ್‌ನ ಬೇಸ್-64 ಕ್ರಮದಲ್ಲಿ ಈ ಮೂರು ಬೈಟುಗಳು ನಾಲ್ಕು ಸಾದಾ ಚಿಹ್ನೆಗಳಾಗುತ್ತವೆ. ಇನ್ನೊಂದು ಕ್ರಮದಲ್ಲಿ ಒಂಬತ್ತಾಗುತ್ತವೆ. ಪಡೆಯುವ ಯಂತ್ರ ಅವನ್ನು ಮರಳಿ ‘ಕ’ ಆಗಿ ಬಿಡಿಸುತ್ತದೆ.

1991ರಲ್ಲಿ ಫಿಲ್ ಜಿಮ್ಮರ್‌ಮನ್ ಬಿಡುಗಡೆ ಮಾಡಿದ ಪಿಜಿಪಿ ತಂತ್ರಾಂಶವು ಮಿಂಚಂಚೆಗೆ ಸಹಿ ಹಾಕುವ ಸಾಮರ್ಥ್ಯವನ್ನು ಸಾಮಾನ್ಯರ ಗಣಕಕ್ಕೆ ತಂದಿತು. ಸಹಿ ಹಾಕಿದ ಪತ್ರವನ್ನು ದಾರಿಯಲ್ಲಿರುವ ಯಂತ್ರಗಳು ಸದುದ್ದೇಶದಿಂದಲೇ ಮರುಜೋಡಿಸಿದರೂ ಪರೀಕ್ಷೆ ವಿಫಲವಾಗುತ್ತಿತ್ತು. ಆದ್ದರಿಂದ ಸಹಿಗೆ ಒಳಪಡುವ ಭಾಗವನ್ನು ಮೊದಲೇ ಸಾದಾ ಚಿಹ್ನೆಗಳಿಗೆ ಪರಿವರ್ತಿಸಿ, ಅದನ್ನು ಮುಟ್ಟದೆ ಸಾಗಿಸಬೇಕೆಂಬ ನಿಯಮ 1995ರಲ್ಲಿ ರೂಪುಗೊಂಡಿತು. 2007ರಲ್ಲಿ ಮೊದಲ ಬಾರಿಗೆ ಮಾನಕವಾಗಿ ಪ್ರಕಟವಾದ ಡಿಕಿಮ್ ಎಂಬುದು ಬೇರೆಯೇ ಬಗೆಯ ಸಹಿ: ಪತ್ರ ಕಳುಹಿಸಿದ ಜಾಲತಾಣದ ಹೆಸರಿಗೆ ಆ ಸರ್ವರ್ ನೀಡುವ ಮುದ್ರೆಯೇ ಹೊರತು ಬರೆದ ವ್ಯಕ್ತಿಯ ಒಪ್ಪಿಗೆಯಲ್ಲ. ಮಿಂಚಂಚೆ ಪೆಟ್ಟಿಗೆಯಲ್ಲಿ ಕಾಣುವ ‘ದೃಢೀಕೃತ’ ಎಂಬ ಗುರುತನ್ನು ಸಹಿಯೆಂದು ಭಾವಿಸುವವರು ಈ ಭೇದವನ್ನು ಗಮನಿಸಬೇಕು.

ಕಣ್ಣಿಗೆ ಒಂದು, ಯಂತ್ರಕ್ಕೆ ಎರಡು

ಕನ್ನಡದ ವಿಶೇಷ ತೊಡಕು ಇಲ್ಲಿ ಎದುರಾಗುತ್ತದೆ. ಯುನಿಕೋಡ್‌ನಲ್ಲಿ ‘ಕೊ’ ಎಂಬುದನ್ನು ಎರಡು ಬಗೆಯಾಗಿ ಬರೆಯಲು ಸಾಧ್ಯ: ‘ಕ’ಕಾರಕ್ಕೆ ಒತ್ವದ ಒಂದೇ ಚಿಹ್ನೆಯನ್ನು ಸೇರಿಸಿ, ಅಥವಾ ಎತ್ವ ಮತ್ತು ಊತ್ವಗಳ ಎರಡು ಚಿಹ್ನೆಗಳನ್ನು ಸೇರಿಸಿ. ಮೊದಲನೆಯದು 6 ಬೈಟು, ಎರಡನೆಯದು 9. ಓದುಗರ ಕಣ್ಣಿಗೆ ವ್ಯತ್ಯಾಸವಿಲ್ಲ. ಯುನಿಕೋಡ್ ಮಾನಕವೂ ಇವೆರಡು ಸಮಾನವೆಂದೇ ಹೇಳುತ್ತದೆ. ಆದರೆ ಸಾರಸಂಖ್ಯೆ ಬೇರೆ. ಹಾಗಾಗಿ ಸಹಿಯ ದೃಷ್ಟಿಯಲ್ಲಿ ಇವು ಎರಡು ಬೇರೆ ದಾಖಲೆಗಳು. ‘ಕೀ’, ‘ಕೇ’, ‘ಕೈ’, ‘ಕೋ’ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಒತ್ತಕ್ಷರ ಮೂಡದಂತೆ ತಡೆಯುವ ಕಾಣದ ಚಿಹ್ನೆಯೊಂದಿರುತ್ತದೆ. ‘ರ್‍ಯಾಂಕ್’ ಎಂಬಲ್ಲಿ ಅರ್ಕಾವತ್ತು ಬಾರದಂತೆ ಕಾಯುವ ಇನ್ನೊಂದಿರುತ್ತದೆ. ಪಠ್ಯವನ್ನು ದತ್ತಸಂಚಯಕ್ಕೆ ಸೇರಿಸುವಾಗಲೋ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲಿಸುವಾಗಲೋ ಇವು ಕಳಚಿಹೋದರೆ, ಸಹಿಯೂ ಕಳಚಿಹೋಗುತ್ತದೆ.

ಯುನಿಕೋಡ್ ಪೂರ್ವದ ಫಾಂಟುಗಳಲ್ಲಿ ಸಿದ್ಧವಾದ ಕಡತಗಳ ಸಮಸ್ಯೆ ಇದಕ್ಕಿಂತ ಆಳವಾದುದು. ಅವುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು ಇಂಗ್ಲಿಷ್ ಮೊದಲಾದ ಚಿಹ್ನೆಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ವಿಪರ್ಯಾಸವೆಂದರೆ ಸಹಿಯ ಪರೀಕ್ಷೆ ಆಗಲೂ ಯಶಸ್ವಿಯಾಗುತ್ತದೆ, ಏಕೆಂದರೆ ಬೈಟುಗಳು ಬದಲಾಗಿಲ್ಲ. ಅದನ್ನೇ ಯುನಿಕೋಡ್‌ಗೆ ಪರಿವರ್ತಿಸಿದೊಡನೆ ಕನ್ನಡ ಓದಲು ಬರುತ್ತದೆ, ಸಹಿ ಮಾತ್ರ ಅಸಿಂಧುವಾಗುತ್ತದೆ. ಓದಲಾಗದ ಮೂಲಕ್ಕೆ ಪ್ರಮಾಣವಿದೆ, ಓದಬಲ್ಲ ಪ್ರತಿಗೆ ಪ್ರಮಾಣವಿಲ್ಲ. ಕನ್ನಡದ ಫಾಂಟುಗಳು ಸಹಜವಾಗಿ ಇರಬಹುದಾದ ಬೆಂಗಳೂರಿನ ಕಚೇರಿಗಿಂತ, ಅವು ಇಲ್ಲದಿರಬಹುದಾದ ಸೊಲ್ಲಾಪುರದ ಅಥವಾ ಈರೋಡಿನ ಕಚೇರಿಯಲ್ಲಿ ಈ ಇಕ್ಕಟ್ಟು ಹೆಚ್ಚು ತೀವ್ರವಾಗುವುದು ಸ್ವಾಭಾವಿಕ.

ಕಾನೂನಿನ ನೋಟ

ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಅದರ 3ನೆಯ ಪ್ರಕರಣ ಜೋಡಿ ಕೀಲಿ ಮತ್ತು ಹ್ಯಾಶ್‌ಗಳನ್ನು ಆಧರಿಸಿದ ಡಿಜಿಟಲ್ ಸಹಿಯನ್ನು ವಿವರಿಸುತ್ತದೆ. 5ನೆಯ ಪ್ರಕರಣ ಅದಕ್ಕೆ ಕಾನೂನಿನ ಮಾನ್ಯತೆ ನೀಡುತ್ತದೆ. ಹ್ಯಾಶ್ ಎಂಬುದನ್ನು ಅಧಿನಿಯಮವು ಬಿಟ್‌ಗಳ ಒಂದು ಸರಣಿಯನ್ನು ಮತ್ತೊಂದಕ್ಕೆ ಮಾರ್ಪಡಿಸುವ ಕ್ರಮವೆಂದೇ ನಿರೂಪಿಸಿದೆ. 2008ರ ತಿದ್ದುಪಡಿ ಇತರ ವಿದ್ಯುನ್ಮಾನ ಸಹಿಗಳಿಗೂ ಅವಕಾಶ ಕಲ್ಪಿಸಿತು. ವಿಲ್ ಮತ್ತು ಟ್ರಸ್ಟ್ ಪತ್ರಗಳು ಇಂದಿಗೂ ಅಧಿನಿಯಮದ ವ್ಯಾಪ್ತಿಯ ಹೊರಗಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವಿದ್ಯುನ್ಮಾನ ದಾಖಲೆಯ ಜೊತೆ ಸಲ್ಲಿಸಬೇಕಾದ ಪ್ರಮಾಣಪತ್ರದ ನಮೂನೆಯೂ ಹ್ಯಾಶ್ ಮೌಲ್ಯವನ್ನು ಕೇಳುತ್ತದೆ. ಹೀಗೆ ಕಾನೂನು ಭಾಷೆಗಳ ನಡುವೆ ಭೇದವೆಣಿಸಿಲ್ಲ. ಆದರೆ ಲಿಪಿಯ ಸಮಾನರೂಪಗಳನ್ನು ಗುರುತಿಸುವ ಹೊಣೆಯನ್ನೂ ಅದು ಹೊತ್ತಿಲ್ಲ. ಆ ಎಚ್ಚರ ದಾಖಲೆಯನ್ನು ರಚಿಸುವವರಲ್ಲಿಯೇ ಇರಬೇಕಾಗುತ್ತದೆ.

ಪಾಲಿಸಬೇಕಾದ ಕ್ರಮ

ಮೊದಲನೆಯದಾಗಿ, ಪಠ್ಯವು ಯುನಿಕೋಡ್‌ನಲ್ಲಿರಬೇಕು. ಸಮಾನರೂಪಗಳನ್ನು ಒಂದೇ ರೂಪಕ್ಕೆ ತರುವ ಸಾಮಾನ್ಯೀಕರಣ ಸಹಿಗೆ ಮುನ್ನವೇ ಮುಗಿಯಬೇಕು, ಅನಂತರವಲ್ಲ. ಎರಡನೆಯದಾಗಿ, ಪಿಡಿಎಫ್ ಆದರೆ ಫಾಂಟನ್ನು ಕಡತದೊಳಗೇ ಅಡಕಗೊಳಿಸಬೇಕು. ಆಗ ಗಡಿಯಾಚೆಯ ಗಣಕದಲ್ಲಿಯೂ ಪುಟವು ಮೂಲದಂತೆಯೇ ಕಾಣುತ್ತದೆ. ಮೂರನೆಯದಾಗಿ, ಮನವಿಯ ಪಠ್ಯವನ್ನು ಮಿಂಚಂಚೆಯ ಒಡಲಿನಲ್ಲಿ ಬರೆಯುವುದಕ್ಕಿಂತ ಸಹಿ ಹಾಕಿದ ಕಡತವಾಗಿ ಲಗತ್ತಿಸುವುದು ಲೇಸು. ಒಡಲಿನ ಪಠ್ಯ ಮುಂದೆ ಕಳುಹಿಸುವಾಗ ಸುಲಭವಾಗಿ ಮಾರ್ಪಡುತ್ತದೆ, ಲಗತ್ತು ಹಾಗಲ್ಲ. ನಾಲ್ಕನೆಯದಾಗಿ, ಸಹಿಯ ಪ್ರಮಾಣಪತ್ರಗಳ ಅವಧಿ ಕೆಲವೇ ವರ್ಷಗಳದಾದ್ದರಿಂದ, ಸಹಿಯ ವೇಳೆಯನ್ನು ದೃಢೀಕರಿಸುವ ಕಾಲಮುದ್ರೆಯನ್ನೂ ಜೊತೆಯಲ್ಲಿಯೇ ಪಡೆಯಬೇಕು.

ಹಳೆಯ ಫಾಂಟಿನ ಸಹಿಯುಳ್ಳ ಕಡತಗಳನ್ನು ಸಂರಕ್ಷಿಸುವ ಸಂಗ್ರಹಾಲಯಗಳು ಪರಿವರ್ತಿತ ಪ್ರತಿಯನ್ನು ಮೂಲದ ಸ್ಥಾನದಲ್ಲಿ ಇಡಬಾರದು. ಮೂಲ ಕಡತ, ಅದರ ಫಾಂಟ್, ಯುನಿಕೋಡ್ ಪ್ರತಿ ಮೂರನ್ನೂ ಒಟ್ಟಿಗೆ ಇಟ್ಟು, ಪರಿವರ್ತಿಸಿದವರು ಆ ಪ್ರತಿಗೆ ಪ್ರತ್ಯೇಕವಾಗಿ ಸಹಿ ಹಾಕುವುದು ಸೂಕ್ತ. ಆಗ ಮೂಲದ ಸಹಿ ಬೈಟುಗಳಿಗೆ ಸಾಕ್ಷಿಯಾದರೆ, ಎರಡನೆಯ ಸಹಿಯು ಆ ಬೈಟುಗಳು ಯಾವ ಕನ್ನಡವನ್ನು ನುಡಿಯುತ್ತಿದ್ದವು ಎಂಬುದಕ್ಕೆ ಹೊಣೆಗಾರರನ್ನು ಒದಗಿಸುತ್ತದೆ.